ತಪ್ಪು ಕತ್ತಿಯದ್ದಲ್ಲ, ಸೂಸಮ್ಮ

ಇಚಿಲಂಪಾಡಿಯ ಸೂಸಮ್ಮನಿಗೆ ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಬರುತ್ತಿರಲಿಲ್ಲ. ಎರಡೂ ಕೈಗಳ ಗೆಣ್ಣುಗಳು ಊದಿದ್ದವು. ರಬ್ಬರ್ ಟ್ಯಾಪಿಂಗ್ ಮಾಡುವ, ಅಂದರೆ ಮರದ ತೊಗಟೆ ಕೆತ್ತಿ ಹಾಲು ಇಳಿಸುವ ಕೈ ನೋಡಿ, ಕೇಳದಿದ್ದರೂ ಕಾರಣ ಹೇಳುವವರೇ ಎಲ್ಲ: ಕತ್ತಿ ಹಿಡಿದದ್ದು ಹೆಚ್ಚಾಯಿತು.

"ಮಳೆಗಾಲ ಇಡೀ ಕತ್ತಿ ಮುಟ್ಟಬೇಡ. ಎಣ್ಣೆ ಹಚ್ಚಿ ಕೂತರೆ ಸರಿಯಾಗ್ತದೆ," ಎಂದ ಗಂಡ ಜೋಸ್.

ಸೂಸಮ್ಮ ಕೂತಳು. ಎಣ್ಣೆಯ ಕುಪ್ಪಿ ಖಾಲಿಯಾಯಿತು, ಊತ ಇಳಿಯಲಿಲ್ಲ. ಮಳೆ ಬಿಟ್ಟಾಗ ಜೋಸ್, "ಈ ಸಲ ಟ್ಯಾಪಿಂಗ್ ಬೇರೆಯವರಿಗೆ ಕೊಡುವ," ಎಂದ. ಮದುವೆಯಾಗಿ ಬಂದಂದಿನಿಂದ ತಾನೇ ನೋಡಿಕೊಂಡ ಮರಗಳು. ಸೂಸಮ್ಮನಿಗೆ ಅಳುವೂ ಬಂತು, ಸಿಟ್ಟೂ ಬಂತು.

ಪಕ್ಕದ ಮನೆಯ ನೆಬೀಸಕ್ಕ ಬಂದಾಗ ಸೂಸಮ್ಮ ಚಹಾದ ಲೋಟವನ್ನು ಎರಡೂ ಅಂಗೈಗಳ ನಡುವೆ ಒತ್ತಿ ಹಿಡಿದು ತಂದಳು. ಬೀಡಿ ಕಟ್ಟಿ ಮಕ್ಕಳನ್ನು ಸಾಕಿದ ನೆಬೀಸಕ್ಕನ ಬೆರಳುಗಳು ಒಂದು ಬದಿಗೆ ವಾಲಿವೆ. ನೋಡಿದ ಕೂಡಲೇ ಆಕೆಗೆ ಸಂಶಯ ಬಂತು.

"ಕೆಲಸ ಮಾಡುವಾಗ ಜಾಸ್ತಿಯಾ, ಸುಮ್ಮನಿದ್ದಾಗ ಜಾಸ್ತಿಯಾ?"

"ಏಳುವಾಗ ಕೈ ಬಿಗಿದಿರ್ತದೆ. ಪಾತ್ರೆಯೆಲ್ಲ ತೊಳೆದ ಮೇಲೆ ಸ್ವಲ್ಪ ಸಡಿಲ."

"ಹಾಗಾದ್ರೆ ತಪ್ಪು ಕತ್ತಿಯದ್ದಲ್ಲ ಮಾರಾಯ್ತಿ. ಕತ್ತಿಯದ್ದಾದ್ರೆ ಮಳೆಗಾಲದಲ್ಲಿ ಇಳಿಯಬೇಕಿತ್ತಲ್ಲ? ಇದು ಸಂಧಿವಾತ ಇರಬಹುದು. ನಮ್ಮ ಮೈಯಲ್ಲಿ ರೋಗಾಣುಗಳ ಜೊತೆ ಹೋರಾಡುವ ರಕ್ಷಣಾ ಕಣಗಳು ಉಂಟು. ಅವು ದಾರಿ ತಪ್ಪಿ ಗಂಟಿನೊಳಗೆ ಸೇರಿ ನಮ್ಮದೇ ಗಂಟನ್ನು ಹಾಳು ಮಾಡುದು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ನನಗೆ ಡಾಕ್ಟ್ರು ಹೇಳಿದ್ದು."

ಜೋಸ್ ನಂಬಲಿಲ್ಲ. "ಎಣ್ಣೆಗೆ ಬಗ್ಗದ್ದು ಗುಳಿಗೆಗೆ ಬಗ್ತದಾ?"

"ಎಣ್ಣೆ ಚರ್ಮದ ಮೇಲೆ, ಜಗಳ ಒಳಗೆ, ಜೋಸಣ್ಣ. ನಾನೂ ಬೀಡಿಯಿಂದ ಅಂತ ಕೂತೆ. ಈಗ ಮದ್ದಿನಿಂದ ನೋವು ಕಡಿಮೆ. ಆದ್ರೆ ವಾಲಿದ ಬೆರಳು ನೆಟ್ಟಗಾಗುದಿಲ್ಲ. ಇವಳದ್ದು ಇನ್ನೂ ನೆಟ್ಟಗುಂಟು."

ಜೋಸ್ ನೆಬೀಸಕ್ಕನ ವಾಲಿದ ಬೆರಳುಗಳನ್ನೇ ನೋಡಿದ. ತೀರ್ಮಾನಿಸಿದ್ದು ಸೂಸಮ್ಮ.

"ನಾಳೆ ಪುತ್ತೂರಿಗೆ ಡಾಕ್ಟ್ರ ಹತ್ತಿರ ಹೋಗುದು. ನೀವು ಬಂದ್ರೆ ಒಳ್ಳೆಯದು. ಬರದಿದ್ರೆ ನಾನೂ ನೆಬೀಸಕ್ಕನೂ ಬಸ್ಸಿಗೆ ಹೋಗ್ತೇವೆ."

ಜೋಸ್ ಜೊತೆಗೆ ಹೋದ. ರಕ್ತ ಪರೀಕ್ಷೆಯಾಯಿತು. ನೆಬೀಸಕ್ಕನ ಸಂಶಯ ನಿಜವಾಗಿತ್ತು.

"ಮದ್ದು ಆ ಕಣಗಳನ್ನು ಹತೋಟಿಗೆ ತರ್ತದೆ," ಎಂದರು ಡಾಕ್ಟರು. "ಗುಣ ಕಾಣಲು ಕೆಲವು ವಾರ ಬೇಕು. ನೋವು ಹೋಯ್ತು ಅಂತ ನೀವೇ ನಿಲ್ಲಿಸಬೇಡಿ. ಮದ್ದಿನಿಂದ ತೊಂದರೆ ಆಗ್ತದಾ ಅಂತ ನೋಡಲು ಆಗಾಗ ಮಾಡುವ ರಕ್ತ ಪರೀಕ್ಷೆ ತಪ್ಪಿಸಬೇಡಿ."

ಮೊದಲ ವಾರಗಳಲ್ಲಿ ಏನೂ ಗುಣ ಕಾಣಲಿಲ್ಲ. ಜೋಸ್ ಗೊಣಗಿದ. ಸೂಸಮ್ಮ ಹಟ ಹಿಡಿದು ತಪ್ಪದೆ ಮದ್ದು ತೆಗೆದುಕೊಂಡಳು. ಒಂದು ಬೆಳಿಗ್ಗೆ ಎದ್ದು ಮುಷ್ಟಿ ಕಟ್ಟಿದಳು, ಬೆರಳು ಪೂರ್ತಿ ಮಡಚಿತು. ಜೋಸ್ ಅವಳ ಕತ್ತಿ ಮಸೆದು, ಹಿಡಿಯಲು ಸುಲಭವಾಗಲೆಂದು ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿ ಕೊಟ್ಟ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಾಳೆ ಎದ್ದ ಕೂಡಲೇ ನೀವೂ ಮುಷ್ಟಿ ಕಟ್ಟಿ ನೋಡಿ. ಗಂಟು ಊದಿ, ಅರ್ಧ ಗಂಟೆಗೂ ಹೆಚ್ಚು ಬಿಗಿಯಾಗಿ, ವಾರಗಟ್ಟಲೆ ಹಾಗೇ ಇದ್ದರೆ ಕೆಲಸವನ್ನು ದೂರುತ್ತಾ ಕೂರಬೇಡಿ. ಬೆರಳು ನೆಟ್ಟಗಿರುವಾಗಲೇ ಡಾಕ್ಟರ ಹತ್ತಿರ ಹೋಗಿ.