ತಗಡಿನ ತಾಳ

ಹಂಪಯ್ಯನ ಹೊಸ ಪಿಕಪ್ ಗಾಡಿಗೆ ಸಾಮಾನು ಹೇರುವ ಹಿಂಭಾಗದಲ್ಲೂ ಶೋರೂಮಿನವರು ಎರಡು ಸ್ಪೀಕರ್ ಕೂರಿಸಿಯೇ ಕಳಿಸಿದ್ದರು. ಸಿಮೆಂಟ್ ಚೀಲಗಳಿಗೆ ಹಾಡು ಯಾಕೆ ಬೇಕು ಎಂದು ಅವನಿಗೆ ನಗು ಬಂದಿತ್ತು. ಆದರೂ ಏನೋ ಉಪಯೋಗ ಇದ್ದೀತು, ನೋಡಿಯೇಬಿಡೋಣ ಎಂಬ ಕುತೂಹಲ.

ಆ ಬೆಳಿಗ್ಗೆ ಸಿಕಂದರಾಬಾದಿಗೆ ಹೊರಟಿದ್ದ ಗಾಡಿಯ ಹಿಂದೆ ರಾಯಚೂರು ಕಡೆಯಿಂದ ಇಲ್ಲಿಗೆ ದುಡಿಯಲು ಬಂದಿದ್ದ ಆರು ಮಂದಿ ಹೆಣ್ಣಾಳುಗಳು ಹತ್ತಿದರು. ದಾರಿಯಲ್ಲಿ ಎಲ್ಲೋ ಕಟ್ಟಡದ ಕೆಲಸಕ್ಕೆ ಇಳಿಯುವವರು. ಹಂಪಯ್ಯ ಹಾಡು ಹಚ್ಚಿದ.

ಕ್ಯಾಬಿನ್ನಿನೊಳಗೆ ಅವನಿಗೆ ಅದು ಅರೆಬರೆ ಕೇಳುತ್ತಿತ್ತು. ಹಿಂದೆ ಹೇಗೆ ಕೇಳುತ್ತಿದೆಯೋ? ಹಾಗೆಂದುಕೊಳ್ಳುತ್ತಾ ಉಪ್ಪಲ್ ತಲುಪುವಷ್ಟರಲ್ಲಿ ತಲೆಯ ಮೇಲಿನ ತಗಡು ಧಡಧಡ ಸದ್ದು ಮಾಡಿತು. ಅರೆ, ತಾಳ ಹಾಕುತ್ತಿದ್ದಾರೆ! ಹಂಪಯ್ಯ ಹಿಗ್ಗಿ ಹೀರೇಕಾಯಿಯಾದ. ದನಿ ಏರಿಸಿದ, ಬಡಿತವೂ ಜೋರಾಯಿತು. ಇನ್ನೂ ಏರಿಸಿದ. ಸ್ಪೀಕರ್ ದಂಡವಲ್ಲ ಎಂದು ಅವನಿಗೆ ಖಾತ್ರಿಯಾಯಿತು.

ಸಿಕಂದರಾಬಾದಿನ ಸಿಗ್ನಲ್ಲಿನಲ್ಲಿ ಹಾಡು ನಿಲ್ಲಿಸಿ, ಕಿಟಕಿಯಿಂದ ತಲೆ ಹೊರಹಾಕಿದ.

"ಯಕ್ಕಾ, ಹಾಡು ಹೆಂಗದಾವ?"

ಗುಂಪಿನ ಹಿರಿಯಳು ಸುಗಲಮ್ಮ ಕೆಂಪಗೆ ಊದಿದ ಅಂಗೈ ಚಾಚಿದಳು.

"ಹಾಡು ಭಾಳ ಚಲೋ ಅದಾವ ತಮ್ಮಾ. ಆದ್ರ ಗಾಡಿ ನಿಂದರಸು ಅಂತ ಉಪ್ಪಲ್‌ದಿಂದ ಬಡಿಯಾಕತ್ತೀವಿ!"