ಕಂಡಕ್ಟರಕ್ಕನ ಡೇ ಲಿಲಿ

ಬಸ್ಸಿನ ಕೆಲಸದಿಂದ ನಿವೃತ್ತಳಾದರೂ ಕಂಡಕ್ಟರಕ್ಕನ ಗಂಟಲು ನಿವೃತ್ತವಾಗಿರಲಿಲ್ಲ. ಅಂಗಳದಲ್ಲಿ ನಿಂತು "ಯಾರಪ್ಪಾ ನಲ್ಲಿ ಬಿಟ್ಟೋರು?" ಎಂದರೆ ಬೀದಿಯ ಕೊನೆಯ ಮನೆಯವರೂ ಎದ್ದು ತಮ್ಮ ನಲ್ಲಿ ನೋಡಿಕೊಳ್ಳುತ್ತಿದ್ದರು. ಮದುವೆಯಾಗಿರಲಿಲ್ಲ. ಅಪ್ಪ ಕಟ್ಟಿಸಿ ಇಬ್ಬರು ಮಕ್ಕಳಿಗೂ ಸಮನಾಗಿ ಬಿಟ್ಟುಹೋದ ಮನೆಯಲ್ಲಿ ತಮ್ಮ ಮತ್ತು ತಮ್ಮನ ಹೆಂಡತಿಯ ಜೊತೆ ಇದ್ದಳು.

ಗೇಟಿನಿಂದ ಮೆಟ್ಟಿಲವರೆಗೂ ಅವಳ ಡೇ ಲಿಲಿ ಗಿಡಗಳು. ಬೆಳಿಗ್ಗೆ ಅರಳಿ ರಾತ್ರಿಯೊಳಗೆ ಮುದುಡಿಹೋಗುವ ಹೂ. ಮರುದಿನ ಅದೇ ದಂಟಿನಲ್ಲಿ ಇನ್ನೊಂದು ಮೊಗ್ಗಿನ ಸರದಿ. ಅವಳು ಕೆಂಪು ಹೂವಿನ ಪರಾಗವನ್ನು ಹಳದಿ ಹೂವಿಗೆ ಸವರಿ, ಬೀಜ ಕಟ್ಟಿಸಿ, ಸಸಿ ಮಾಡಿ, ವರ್ಷಗಟ್ಟಲೆ ಕಾದಿದ್ದಳು. ಈ ಸಲ ಅವು ಮೊದಲ ಬಾರಿ ಹೂ ಬಿಡಬೇಕಿತ್ತು. ಸಂಜೆಯ ಆಕಾಶದಂಥ ಬಣ್ಣ ಬರುತ್ತದೆಂದು ಅವಳ ಆಸೆ.

ಡ್ರೈವಿಂಗ್ ಸ್ಕೂಲು ನಡೆಸುವ ತಮ್ಮನಿಗೋ ಎರಡನೇ ಕಾರು ನಿಲ್ಲಿಸಲು ಜಾಗ ಬೇಕಿತ್ತು.

"ಒಂದು ದಿನ ಬಾಳೋ ಹೂವಿಗೆ ಇಷ್ಟು ಜಾಗ ಯಾಕಕ್ಕಾ?"

"ನಿನ್ನ ಕಾರೇನು ನೂರು ವರ್ಷ ಬಾಳುತ್ತಾ?"

ಮಾತು ಅಲ್ಲಿಗೆ ಮುಗಿಯಿತೆಂದುಕೊಂಡು ಅವಳು ಕಣ್ಣಿನ ಪೊರೆ ತೆಗೆಸಿಕೊಳ್ಳಲು ಆಸ್ಪತ್ರೆಗೆ ಹೋದಳು. ಮರುದಿನ ಒಂದು ಕಣ್ಣಿಗೆ ಪಟ್ಟಿ ಹಾಕಿಕೊಂಡು ಗೇಟು ತೆರೆದರೆ ಅಂಗಳ ಬೋಳು. ಗಿಡಗಳು ಬೇರುಸಮೇತ ಗೋಡೆಯ ಬುಡದಲ್ಲಿ ರಾಶಿ ಬಿದ್ದಿದ್ದವು. ಮೇಸ್ತ್ರಿ ಜಲ್ಲಿ ಹರಡುತ್ತಿದ್ದ.

ಅವಳು ಅಳಲಿಲ್ಲ. ಚೀಲವನ್ನು ಮೆಟ್ಟಿಲ ಮೇಲಿಟ್ಟು ಮೇಸ್ತ್ರಿಯ ಮುಂದೆ ಕೈ ಚಾಚಿದಳು.

"ಅಮ್ಮಾ, ಕಣ್ಣಿಗೆ ಧೂಳು ಬೀಳುತ್ತೆ," ಎಂದ ಅವನು.

"ಇನ್ನೊಂದಿದೆ. ಕೊಡಪ್ಪ ಗುದ್ದಲಿ."

ಗೇಟಿನ ನಟ್ಟನಡುವಿನಿಂದ ಮೆಟ್ಟಿಲಿನವರೆಗೆ ಗುದ್ದಲಿಯಲ್ಲೇ ಗೀಟೆಳೆದಳು. ಅಷ್ಟರಲ್ಲಿ ತಮ್ಮ ಹೊರಗೆ ಬಂದ.

"ಆಚೆ ನಿಂದು. ಕಾರಾದ್ರೂ ನಿಲ್ಸು, ಹಡಗಾದ್ರೂ ನಿಲ್ಸು. ಈಚೆ ನಂದು," ಎಂದಳು.

"ಅರ್ಧದಲ್ಲಿ ಕಾರು ಹಿಡಿಯುತ್ತೇನಕ್ಕಾ?"

"ಅರ್ಧ ಸೀಟಲ್ಲಿ ಕೂತು ಜನ ಊರು ಸೇರ್ತಾರೆ. ಹೊಂದಿಸ್ಕೋ."

"ಬೀದಿಯವರೆಲ್ಲ ನೋಡ್ತಿದಾರೆ. ಮಾನ ಕಳೀಬೇಡ."

"ನೋಡ್ಲಿ! ಕದ್ದು ಕಿತ್ತೋನು ನೀನು. ಎಲ್ಲರೆದುರು ನೆಡೋಳು ನಾನು."

ಆಗ ತಮ್ಮನ ಹೆಂಡತಿ ಬಕೆಟ್ಟು, ಕತ್ತರಿ ಹಿಡಿದು ಬಂದಳು. ಆ ಮನೆಯಲ್ಲಿ ಅವಳ ದನಿ ಪಾತ್ರೆಯ ಸದ್ದಿಗಿಂತ ಮೇಲೆ ಎದ್ದದ್ದೇ ಇಲ್ಲ.

"ಅಕ್ಕಾ, ನೀವು ಬಗ್ಗಬಾರ್ದು. ಎಲ್ಲೆಲ್ಲಿ ಅಂತ ಹೇಳಿ, ನಾನು ನೆಡ್ತೀನಿ."

"ನೀನೂನಾ?" ಗಂಡ ಗುಡುಗಿದ.

"ನಿನ್ನೆ ಬೇಡ ಅಂದೆ, ನೀವು ಕೇಳ್ಲಿಲ್ಲ. ಇವತ್ತು ನಾನು ಕೇಳಲ್ಲ."

ಕಂಡಕ್ಟರಕ್ಕ ಗುದ್ದಲಿಯನ್ನು ಅವಳ ಕೈಗಿತ್ತಳು. ಮೇಸ್ತ್ರಿ ಈಚೆ ಕಡೆಯ ಜಲ್ಲಿಯನ್ನು ಬಾಂಡಲಿಗೆ ತುಂಬತೊಡಗಿದ. ಬಾಡಿದ ಎಲೆಗಳನ್ನು ಮೋಟಾಗಿ ಕತ್ತರಿಸಿ, ಬೇರು ಹರಡಿ, ಹೊತ್ತು ಮುಳುಗುವವರೆಗೆ ಅಕ್ಕ ತೋರಿಸಿದಲ್ಲೆಲ್ಲ ತಮ್ಮನ ಹೆಂಡತಿ ನೆಟ್ಟಳು.

ಕಾರು ಬೀದಿಯಲ್ಲೇ ಉಳಿಯಿತು. ತಮ್ಮ ಬಹಳ ದಿನ ಮುಖ ಊದಿಸಿಕೊಂಡೇ ಓಡಾಡಿದ. ಗಿಡಗಳಲ್ಲಿ ಕೆಲವು ಕೊಳೆತವು, ಹೆಚ್ಚಿನವು ಚಿಗುರಿದವು. ಅವಳು ಬೀಜದಿಂದ ಬೆಳೆಸಿದವುಗಳಲ್ಲಿ ಒಂದೇ ಒಂದು ದಂಟು ಮೇಲೆದ್ದಿತು.

ಹೂ ಅರಳಿದ ಬೆಳಿಗ್ಗೆ ಮೂವರೂ ಅಂಗಳದಲ್ಲಿದ್ದರು. ಕೆಂಪೂ ಅಲ್ಲ, ಹಳದಿಯೂ ಅಲ್ಲ. ಆರಿಹೋದ ಚಹಾದ ಬಣ್ಣ.

ತಮ್ಮ ನಕ್ಕೇಬಿಟ್ಟ. "ಇದಕ್ಕಾ ಇಷ್ಟು ರಂಪ? ತುಕ್ಕು ಹಿಡಿದ ತಗಡಿನ ಹಾಗಿದೆ!"

ಕಂಡಕ್ಟರಕ್ಕನ ಮನಸ್ಸು ಚುರುಕ್ ಎಂದಿತು. ಆದರೂ ತಲೆ ತಗ್ಗಿಸಲಿಲ್ಲ.

"ಹೂಂ, ಇದಕ್ಕೇ. ತುಕ್ಕಾದ್ರೂ ನಾನು ಹುಟ್ಟಿಸಿದ ತುಕ್ಕು."

"ಅಕ್ಕಾ, ಇದಕ್ಕೆ ಹಳದೀದನ್ನ ಇನ್ನೊಂದ್ಸಲ ಸವರಿದ್ರೆ?" ಎಂದಳು ತಮ್ಮನ ಹೆಂಡತಿ.

"ಬಾ, ಈಗ್ಲೇ ಸವರೋಣ. ನಾಳೆಗೆ ಇದಿರಲ್ಲ."

ಇಬ್ಬರೂ ಹೂವಿನ ಮೇಲೆ ಬಾಗಿದರು. ಹಿಂದಿನಿಂದ ತಮ್ಮ, ಚಹಾ ಎಲ್ಲಿ ಎಂದು ಕೂಗಿದ.

"ಫ್ಲಾಸ್ಕಲ್ಲಿದೆ, ಹಾಕ್ಕೊಳ್ಳಿ," ಎಂದಳು ಹೆಂಡತಿ, ತಿರುಗಿಯೂ ನೋಡದೆ.