ಬೀಗ ಹಾಕದ ನಾಟಕ

ಸಾರಿ-ತೆರೆಕ್ ಊರಿನ ಸಂಸ್ಕೃತಿ ಭವನದಲ್ಲಿ ಯಾವ ಕಾರ್ಯಕ್ರಮವಿದ್ದರೂ ಕುರ್ಚಿಗಳೆಲ್ಲ ಭರ್ತಿ. ರಾಜಧಾನಿ ಬಿಷ್ಕೆಕ್‌ನಿಂದ ಬಂದ ಕಲಾವಿದರು ಕೂಡ ಇದನ್ನು ಕಂಡು ಮೂಗಿನ ಮೇಲೆ ಬೆರಳಿಡುತ್ತಿದ್ದರು. ಭವನದ ಮುಖ್ಯಸ್ಥೆ ಬುರುಲ್ ಮುಗುಳ್ನಗುತ್ತಿದ್ದಳು. ಆ ಗುಟ್ಟು ಅವಳ ಮೇಜಿನ ಮೇಲಿನ ಟೆಲಿಫೋನಿನಲ್ಲಿತ್ತು.

ಆ ಮಾರ್ಚ್ ಬೆಳಿಗ್ಗೆಯೂ ಅವಳು ಅದನ್ನೇ ಹಿಡಿದು ಕೂತಿದ್ದಳು.

"ಮುಖ್ಯೋಪಾಧ್ಯಾಯರೇ, ಇವತ್ತು ಸಂಜೆ ನಾಟಕ. ನಿಮ್ಮ ಶಾಲೆಯಿಂದ ನಲವತ್ತು ಜನ ಮೇಷ್ಟ್ರುಗಳು ಬರ್ಲಿ."

"ಎಜೆ, ಅರ್ಧ ಜನಕ್ಕೆ ಶೀತ, ಕೆಮ್ಮು."

"ಕೆಮ್ಮೋರನ್ನ ಹಿಂದಿನ ಸಾಲಲ್ಲಿ ಕೂರಿಸಿ."

ಅಲ್ಲಿ ದೊಡ್ಡಕ್ಕನಂಥವರನ್ನು ಎಜೆ, ತಾಯಿಯಂಥವರನ್ನು ಅಪಾ ಎಂದೇ ಕರೆಯುವುದು. ಎಜೆ ಎಂದ ಮೇಲೆ ಮಾತು ಮೀರುವ ಹಾಗಿಲ್ಲ. ಶಾಲೆಯಾದ ಮೇಲೆ ಆಸ್ಪತ್ರೆಗೆ, ಆಮೇಲೆ ವಿದ್ಯುತ್ ಕಚೇರಿಗೆ ಫೋನು ಹೋಯಿತು. ಹೀಗೆ ಬಂದ ಜನ ನಡುವೆ ಜಾರಿಕೊಳ್ಳಬಾರದೆಂದು, ಪರದೆ ಏಳುತ್ತಿದ್ದಂತೆ ಕಾವಲುಗಾರ ಶಾರ್ಶೆನ್ ಮುಂಬಾಗಿಲಿಗೆ ಬೀಗ ಜಡಿದುಬಿಡುತ್ತಿದ್ದ.

ಬುರುಲ್ ಕೆಟ್ಟವಳಲ್ಲ. ಕಲೆಯೆಂದರೆ ಅವಳಿಗೆ ಪ್ರಾಣ. ಆ ತಿಂಗಳು ಅವಳು ಗೊತ್ತುಮಾಡಿದ್ದ ಮೂರೂ ಕಾರ್ಯಕ್ರಮಗಳು ಆರಿಸಿ ತಂದಂಥವು: ಎರಡು ಸಂಜೆ ನಾಟಕ, ಬರುವ ಗುರುವಾರ ಮೂರು ತಂತಿಯ ಕೋಮುಜ್ ನುಡಿಸುವ ಹಳ್ಳಿಗಾಡಿನ ವಾದಕರ ಕಛೇರಿ, ತಿಂಗಳ ಕೊನೆಗೆ ಸುತ್ತಲಿನ ಕವಿಗಳ ಕೂಟ. ನಾಟಕವನ್ನಂತೂ ಅವಳು ನಗರದಲ್ಲಿ ನೋಡಿ, ಕರವಸ್ತ್ರ ಒದ್ದೆಯಾಗುವಷ್ಟು ಅತ್ತು, ಆ ತಂಡದ ಹಿಂದೆ ಬಿದ್ದು ಕರೆತಂದಿದ್ದಳು. ಆದರೆ ಜಿಲ್ಲೆಯ ಉಪಾಧಿಕಾರಿ ಕುಬಾತ್‌ಗೆ ಈ ಭವನವನ್ನು ಮದುವೆ ಹಾಲ್ ಮಾಡುವ ಮನಸ್ಸಿತ್ತು. ನಾಟಕದ ಎರಡನೆಯ ದಿನ ತಾನೇ ಬಂದು ನೋಡಿ ತೀರ್ಮಾನಿಸುತ್ತೇನೆಂದು ಹೇಳಿ ಕಳಿಸಿದ್ದ. ಕುರ್ಚಿ ಖಾಲಿ ಕಂಡರೆ ಅಲ್ಲಿಗೆ ಮುಗಿಯಿತು.

ಮೊದಲ ದಿನ ಭವನ ಕಿಕ್ಕಿರಿದಿತ್ತು. ರಸಾಯನಶಾಸ್ತ್ರದ ಮೇಷ್ಟ್ರು ಎಸೆನ್ ಕೋಟು ಕೂಡ ಬಿಚ್ಚದೆ, ತೊಡೆಯ ಮೇಲೆ ಉತ್ತರಪತ್ರಿಕೆಗಳನ್ನಿಟ್ಟುಕೊಂಡು ತಿದ್ದುತ್ತಿದ್ದ. ದಾದಿಯರು ತೂಕಡಿಸುತ್ತಿದ್ದರು. ರಂಗದ ಮೇಲೆ ಹಿರಿಯ ನಟಿ ಸಾಯ್ರಾ ಒಬ್ಬ ತಾಯಿಯ ಪಾತ್ರದಲ್ಲಿದ್ದಳು. ಪರದೇಶಕ್ಕೆ ದುಡಿಯಲು ಹೋದ ಮಗ ಇನ್ನಿಲ್ಲವೆಂದು ಯಾರೋ ಬಂದು ತಿಳಿಸುತ್ತಾರೆ. ತಾಯಿ ತಲೆ ತಗ್ಗಿಸಿ ಸುಮ್ಮನೆ ಕೂರುತ್ತಾಳೆ. ದೀಪ ಮಂಕಾಗುತ್ತದೆ. ನಾಟಕದ ಜೀವವೇ ಆ ಮೌನದಲ್ಲಿದೆ.

ನಾಟಕ ಮುಗಿಯಿತೆಂದು ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ತಗೋ, ಬಿಡುಗಡೆ ಸಿಕ್ಕಿತೆಂದು ಇಡೀ ಸಭೆ ಜೋರಾಗಿ ತಟ್ಟಿತು. ನಲವತ್ತು ಮೇಷ್ಟ್ರುಗಳೂ ಎದ್ದು ಬಾಗಿಲಿಗೆ ನುಗ್ಗಿದರು. ಬೀಗ. ದಬದಬ ಬಡಿದರು. "ಶಾರ್ಶೆನ್ ಅಣ್ಣ, ತೆಗೀರಿ, ದನ ಕಟ್ಟಬೇಕು!" ಎಂದು ಒಬ್ಬ ಕೂಗಿದ. ಸತ್ತ ಮಗನ ತಾಯಿ ರಂಗದ ಮೇಲೆ ತಲೆಯೆತ್ತಿ ಅವರನ್ನೇ ನೋಡುತ್ತಿದ್ದಳು. ಭೂಮಿ ಬಾಯ್ಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು ಬುರುಲ್‌ಗೆ.

ಹೇಗೋ ನಾಟಕ ಮುಗಿಸಿ ಬಾಗಿಲು ತೆಗೆದಾಗ ಅವಳು ಎಸೆನ್‌ನನ್ನು ಅಡ್ಡಗಟ್ಟಿದಳು.

"ಓದಿದೋರು ನೀವು. ನಾಚಿಕೆ ಆಗಲ್ವಾ ಮೇಷ್ಟ್ರೇ?"

"ಆಗ್ತದೆ ಎಜೆ. ಬೆಳಿಗ್ಗೆಯಿಂದ ಪಾಠ ಮಾಡಿ ಗಂಟಲು ಒಣಗಿದೆ. ಮೊನ್ನೆ ಕ್ರೀಡಾಕೂಟಕ್ಕೆ ಹೋಗಿ ಕೂತ್ಕೊಳ್ಳಿ ಅಂದ್ರು, ಕೂತೆ. ಆಚೆ ವಾರ ಯಾರದೋ ಭಾಷಣಕ್ಕೆ ಕೂತೆ. ಇವತ್ತು ಇಲ್ಲಿ. ಚಿಕ್ಕೋನಾಗಿದ್ದಾಗ ನಾಟಕ ಅಂದ್ರೆ ಊಟ ಬಿಟ್ಟು ಓಡಿ ಬರ್ತಿದ್ದೆ. ಈಗ ನಾಟಕ ಅಂದ್ರೆ ಯಾವಾಗ ಬಿಡ್ತಾರೋ ಅನ್ಸುತ್ತೆ."

ಅವನು ತಲೆ ಬಾಗಿಸಿ ಹೊರಟುಹೋದ. ಬುರುಲ್‌ಗೆ ಸಿಟ್ಟು ಬಂದಿದ್ದು ನಿಜ. ಆದರೆ ಅದು ಅವನ ಮೇಲೋ ತನ್ನ ಮೇಲೋ ಅವಳಿಗೇ ತಿಳಿಯಲಿಲ್ಲ.

ರಂಗದ ಹಿಂದಿನ ಕೋಣೆಯಲ್ಲಿ ಸಾಯ್ರಾ ಚಹಾಕ್ಕೆ ಬೋರ್ಸೋಕ್ ಅದ್ದಿಕೊಂಡು ತಿನ್ನುತ್ತ ಕೂತಿದ್ದಳು. ಕರಿದ ರೊಟ್ಟಿ ತಿನ್ನುವುದರಲ್ಲೇನೂ ದುಃಖ ಕಾಣಲಿಲ್ಲ.

"ಕ್ಷಮಿಸಿ ಅಪಾ," ಎಂದಳು ಬುರುಲ್.

"ಬಿಡಮ್ಮ. ಇಷ್ಟು ವರ್ಷದಲ್ಲಿ ನನ್ನ ಮಗ ಸತ್ತಿದ್ದಕ್ಕೆ ಇಷ್ಟು ಖುಷಿಪಟ್ಟೋರನ್ನ ನೋಡಿರಲಿಲ್ಲ."

ಇಬ್ಬರಿಗೂ ನಗು ಬಂತು. ನಗುತ್ತಲೇ ಬುರುಲ್‌ಳ ಕಣ್ಣು ತುಂಬಿತು.

"ನಾಳೆ ಯಾರಿಗೂ ಫೋನ್ ಮಾಡಬೇಡ," ಎಂದಳು ಸಾಯ್ರಾ.

"ಹಾಗಂದ್ರೆ ಹೇಗೆ? ನಾಳೆ ಉಪಾಧಿಕಾರಿ ಬರ್ತಾನೆ. ಖಾಲಿ ಕುರ್ಚಿ ನೋಡಿದ್ರೆ ಇಲ್ಲಿ ಮದುವೆ ಊಟದ ಮೇಜು ಹಾಕಿಸ್ತಾನೆ. ಆಮೇಲೆ ಕೋಮುಜ್‌ನೋರು ಎಲ್ಲಿ ನುಡಿಸಬೇಕು, ಕವಿಗಳು ಎಲ್ಲಿ ಓದಬೇಕು? ಒಂದಿಷ್ಟು ತಳ್ಳಿದ್ರೇನೇ ಜನ ಬರೋದು ಅಪಾ."

"ತಳ್ಳಿದ್ರೆ ಬರ್ತಾರೆ, ಸರಿ. ಕುರಿ ಕಾಯೋರ ಎದುರು ಆಡಿದ್ದೀನಿ, ಬೆರಳೆಣಿಕೆ ಜನ. ಅವರು ನನ್ನ ಜೊತೆ ಅತ್ರು. ಇಲ್ಲಿ ನಾನೊಬ್ಬಳೇ ಇದ್ದೆ."

ಮರುದಿನ ಬೆಳಿಗ್ಗೆ ಬುರುಲ್ ಫೋನು ಎತ್ತಿದಳು, ಇಟ್ಟಳು, ಮತ್ತೆ ಎತ್ತಿದಳು. ಕೊನೆಗೆ ಶಾಲೆಗೆ ಒಂದೇ ಮಾತು ಹೇಳಿದಳು, ಇವತ್ತು ಯಾರೂ ಬರಬೇಕಾಗಿಲ್ಲ ಅಂತ. "ಏನಾದ್ರೂ ತಪ್ಪಾಯ್ತಾ ಎಜೆ?" ಎಂದು ಮುಖ್ಯೋಪಾಧ್ಯಾಯರು ಹೆದರಿ ಕೇಳಿದರು.

ದೊಡ್ಡ ಔತಣಕ್ಕೆ ಹಿರಿಯರನ್ನು ಹೊಸಿಲಿಗೇ ಹೋಗಿ ಕರೆಯುವುದು ಆ ಕಡೆಯ ರೂಢಿ. ಮಗಳ ಮದುವೆಗೆ ಹಾಗೆ ಊರೆಲ್ಲ ತಿರುಗಿದ್ದ ಬುರುಲ್ ಕಲೆಯ ವಿಷಯದಲ್ಲಿ ಮಾತ್ರ ಅಪ್ಪಣೆ ಕೊಡುತ್ತ ಬಂದಿದ್ದಳು. ಬೂಟು ಹಾಕಿಕೊಂಡು, ಕರಗುತ್ತಿದ್ದ ಹಿಮದ ಕೆಸರು ತುಳಿಯುತ್ತ, ಸಂತೆಗೆ ಹೋದಳು. ಒಣಮೊಸರಿನ ಉಂಡೆ ಮಾರುವ ಮುದುಕಿ ತುರ್ದುಬುಬುವಿನ ಮುಂದೆ ನಿಂತು ಎದೆಯ ಮೇಲೆ ಕೈಯಿಟ್ಟಳು.

"ಅಪಾ, ಸಂಜೆ ನಾಟಕ ಇದೆ. ನೀವು ಬರಬೇಕು."

"ನನ್ನ ಯಾವ ಆಫೀಸಿನ ಲೆಕ್ಕಕ್ಕೆ ಹಾಕಿದ್ದೀಯೆ?"

"ಯಾವ ಲೆಕ್ಕವೂ ಇಲ್ಲ. ಮನಸ್ಸಾದ್ರೆ ಬನ್ನಿ."

"ಬಲವಂತ ಇಲ್ಲ ಅಂದ್ರೆ ನಾಟಕ ಅಷ್ಟು ಚೆನ್ನಾಗಿಲ್ವೇನೋ."

ಬುರುಲ್ ಅಲ್ಲೇ ನಿಂತು, ದೂರ ಹೋದ ಮಗನ ಸುದ್ದಿಗೆ ಕಾಯುವ ತಾಯಿಯ ಕತೆ ಹೇಳತೊಡಗಿದಳು. ಪಕ್ಕದ ಅಂಗಡಿಯವರೂ ಕಿವಿಗೊಟ್ಟರು. ತುರ್ದುಬುಬು ತೂಕದ ಬಟ್ಟಲು ಕೆಳಗಿಟ್ಟಳು. ಅವಳ ಇಬ್ಬರು ಗಂಡುಮಕ್ಕಳೂ ಮಾಸ್ಕೋದಲ್ಲಿದ್ದರು. "ಮಗ ಬರ್ತಾನಾ?" ಎಂದು ಕೇಳಿದಳು.

"ಅದನ್ನ ಸಂಜೆ ನೋಡಿ," ಎಂದಳು ಬುರುಲ್.

ಸಂಜೆ ಭವನದಲ್ಲಿ ಅರ್ಧಕ್ಕಿಂತ ಹೆಚ್ಚು ಕುರ್ಚಿ ಖಾಲಿ ಉಳಿದವು. ಕುಬಾತ್ ಮೊದಲ ಸಾಲಿನಲ್ಲಿ ಕೂತು ಹಿಂದೆ ತಿರುಗಿ ನೋಡಿದ.

"ಜನ ಎಲ್ಲಿ ಎಜೆ?"

"ಇವರೇ."

"ನನ್ನ ಮೇಲೆ ಬೇಜಾರು ಮಾಡ್ಕೋಬೇಡಿ. ಮಾಡು ಸೋರ್ತಾ ಇದೆ, ಮದುವೆಯೋರು ಬಾಡಿಗೆ ಕೊಡ್ತಾರೆ. ಊರಿಗೆ ಯಾವುದು ಬೇಕು ಅಂತ ಊರೇ ತೋರಿಸ್ತಾ ಇದೆ."

ಶಾರ್ಶೆನ್ ಬೀಗ ಹಿಡಿದು ಬುರುಲ್‌ಳ ಮುಖ ನೋಡಿದ. ಬೇಡವೆಂದು ಅವಳು ತಲೆಯಾಡಿಸಿದಳು. ನಾಟಕ ಶುರುವಾಗಿ ಸ್ವಲ್ಪ ಹೊತ್ತಿಗೆ ಬಾಗಿಲು ಸರಿದು ಎಸೆನ್ ಒಳಗೆ ಬಂದ. ಕೈಯಲ್ಲಿ ಉತ್ತರಪತ್ರಿಕೆ ಇರಲಿಲ್ಲ. ಕೋಟು ಬಿಚ್ಚಿ ಕೂತ.

ಸುದ್ದಿ ಬಂತು. ಸಾಯ್ರಾ ತಲೆ ತಗ್ಗಿಸಿದಳು. ದೀಪ ಮಂಕಾಯಿತು. ಬುರುಲ್ ಹಿಂದಿನ ಸಾಲಿನ ಕಡೆ ನೋಡಿದಳು. ಒಂದು ಕೆಮ್ಮೂ ಕೇಳಲಿಲ್ಲ. ಆ ಮೌನ ಬೆಳೆದು ಬೆಳೆದು ತಡೆಯಲಾಗದಷ್ಟಾದಾಗ, ಕತ್ತಲಲ್ಲಿ ತುರ್ದುಬುಬುವಿನ ದನಿ ಕೇಳಿತು.

"ಅತ್ತುಬಿಡು ಮಗಳೇ. ಒಳಗಿಟ್ಟುಕೋಬೇಡ."

ಸಾಯ್ರಾ ಆ ದನಿಯ ಕಡೆ ನಿಧಾನವಾಗಿ ತಿರುಗಿ, ಅತ್ತಳು.

ಪರದೆ ಬಿದ್ದ ಮೇಲೂ ಯಾರೂ ಬಾಗಿಲಿಗೆ ಓಡಲಿಲ್ಲ. ಮೂಗೊರೆಸಿಕೊಂಡು, ಒಬ್ಬರ ಮುಖ ಒಬ್ಬರು ನೋಡಿ ನಾಚಿ ನಕ್ಕು, ಆಮೇಲೆ ಚಪ್ಪಾಳೆ ತಟ್ಟಿದರು. ಬುರುಲ್ ಕುಬಾತ್‌ನ ತೀರ್ಮಾನ ಕೇಳಲು ಅವನ ಬಳಿ ಹೋಗಿ ನಿಂತಳು. ಅಷ್ಟರಲ್ಲಿ ತುರ್ದುಬುಬು ಅವನನ್ನು ಮೊಣಕೈಯಿಂದ ಆಚೆ ಸರಿಸಿ ನಡುವೆ ತೂರಿಕೊಂಡಳು.

"ಮುಂದಿನದು ಯಾವಾಗೇ?"

ಊರಿಗೆ ಬುರುಲ್ ಹೇಳಿ ಹೇಳಿ ಸಾಕಾಗಿತ್ತು. ಊರು ಅವಳನ್ನು ಕೇಳಿದ್ದು ಇದೇ ಮೊದಲು.

"ಗುರುವಾರ ಅಪಾ," ಎಂದಳು. "ಕೋಮುಜ್ ಕಛೇರಿ."

"ಗುರುವಾರವಾ?" ಎಂದ ಕುಬಾತ್. ಖಾಲಿ ಕುರ್ಚಿಗಳ ಕಡೆ ಒಮ್ಮೆ, ಇನ್ನೂ ಎದ್ದು ಹೋಗದೆ ಮಾತಾಡುತ್ತ ನಿಂತಿದ್ದ ಜನರ ಕಡೆ ಒಮ್ಮೆ ನೋಡಿದ. "ಅವತ್ತಿಗೆ ಒಂದು ಮದುವೆಯೋರು ಈ ಹಾಲ್ ಕೇಳಿದ್ದಾರೆ."

"ಏನಂತ ಹೇಳ್ತೀರಿ?" ಎಂದಳು ಬುರುಲ್.

"ಖಾಲಿ ಇಲ್ಲ ಅಂತ ಹೇಳ್ತೀನಿ," ಎಂದ.